ಭೋಂಗಾ ಗಾಡಿಯ ಬಾಜೂಕಿನ ಸೀಟು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಸಂತೆಗಳಲ್ಲಿ ನನ್ನ ಮುಖ ನೋಡಿ ಗುರುತು ಹಿಡಿಯುವವರು ಕಡಿಮೆ. ಬಾಯಿ ತೆರೆದರೆ ಮಾತ್ರ ಜನ ತಿರುಗಿ ನೋಡುತ್ತಿದ್ದರು. ಅಂಗಡಿಗೆ ಹೋಗಿ ಅರ್ಧ ಲೀಟರ್ ಹಾಲು ಕೇಳಿದರೂ ಅಂಗಡಿಯವ ‘ಏನ್ರಿ ಭೋಂಗಾ ಮಾಮಾ, ಇವತ್ತ ಏನ ಸಾರಾಕತ್ತೀರಿ’ ಎಂದು ನಗುತ್ತಿದ್ದ. ನನ್ನ ನಿಜವಾದ ಹೆಸರು ಮಾರುತಿ. ಅದು ನನ್ನ ಹೆಂಡತಿಗೂ ರೇಷನ್ ಕಾರ್ಡು ತೆಗೆದಾಗಲೇ ನೆನಪಾಗುವುದು.

ಭೋಂಗಾ ಎಂದರೆ ನಮ್ಮ ಕಡೆ ಧ್ವನಿವರ್ಧಕದ ಅಗಲ ಬಾಯಿಯ ತಗಡಿನ ಕೊಳವೆ. ಅಂಥ ಎರಡನ್ನು ಮೂರು ಗಾಲಿಯ ಟಂಟಂ ಗಾಡಿಯ ನೆತ್ತಿಯ ಮೇಲೆ ಕಟ್ಟಿಕೊಂಡು ಊರೂರು ತಿರುಗಿ ಸುದ್ದಿ ಸಾರುವುದು ನನ್ನ ಉದ್ಯೋಗವಾಗಿತ್ತು. ನಲ್ಲಿಗೆ ನೀರು ಬರುವುದಿಲ್ಲ, ಲಸಿಕೆ ಹಾಕುವವರು ಬಂದಿದ್ದಾರೆ, ಸೀರೆ ಅಂಗಡಿ ತೆರೆದಿದೆ, ಇಂಥವರ ತಂದೆ ತೀರಿಕೊಂಡಿದ್ದಾರೆ, ಎಮ್ಮೆ ಕಳೆದಿದೆ. ಎಲ್ಲವೂ ಒಂದೇ ಗಂಟಲಿನಿಂದ ಬರಬೇಕು. ಈಗ ಗಂಟಲು ಕೈಕೊಟ್ಟಿದೆ. ಪಿಸುಮಾತಿನಲ್ಲಿ ಬದುಕಿ ಎಂದು ಡಾಕ್ಟರರು ಹೇಳಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಸಂತೋಷವಾಗಿದೆ.

ಈಚೆಗೆ ಈ ಧಂದೆಗೆ ಇಳಿದ ಕೆಲವು ಹುಡುಗರು ಮನೆಗೆ ಬಂದು, ಮಾಮಾ, ನೀವು ಹೇಗೆ ಮಾಡುತ್ತಿದ್ದಿರಿ ಎಂದು ಒಂದಿಷ್ಟು ಬರೆದುಕೊಡಿ ಎಂದರು. ಅವರ ಮನಸ್ಸಿನಲ್ಲಿದ್ದದ್ದು ಯಾವ ಆಂಪ್ಲಿಫೈಯರ್ ಒಳ್ಳೆಯದು, ಬ್ಯಾಟರಿ ಎಲ್ಲಿ ಅಗ್ಗ ಎಂಬುದು. ಅದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ನಾನು ಬರೆಯುವುದು ಬೇರೆ ವಿಷಯ. ಗಾಡಿಯಲ್ಲಿ ಡ್ರೈವರನ ಪಕ್ಕ ಉಳಿಯುವ ಗೇಣಗಲದ ಜಾಗದ ವಿಷಯ.

ಕೆಲಸ ಕಲಿಸಿದವರು ದಸ್ತಗೀರ ಚಾಚಾ. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹಿಂದೆ ಅವರದು ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ. ನನ್ನ ಪಾಲಿಗೆ ಸಾಹೇಬರು, ಗುರುಗಳು, ಬೈಯುವವರು ಎಲ್ಲ ಅವರೇ. ಗಾಳಿ ಎತ್ತ ಬೀಸುತ್ತಿದೆ ನೋಡಿ ಭೋಂಗಾ ತಿರುಗಿಸಬೇಕು, ಕೋರ್ಟಿನ ಮುಂದೆ ಮತ್ತು ಸಾಲೆಯ ಮುಂದೆ ಬಾಯಿ ಮುಚ್ಚಬೇಕು, ಯಾವ ಓಣಿಯಲ್ಲಿ ಕನ್ನಡ ಮೊದಲು, ಯಾವ ಓಣಿಯಲ್ಲಿ ಮರಾಠಿ ಮೊದಲು ಎಂಬುದು ತಲೆಯಲ್ಲಿರಬೇಕು. ಸಾವಿನ ಸುದ್ದಿ ಹೇಳುವಾಗ ಇಂಜಿನ್ ಬಂದ್ ಮಾಡಿ ನಿಂತು ಹೇಳಬೇಕು. ಸತ್ತವರ ಹೆಸರನ್ನು ಓಡುತ್ತ ಹೇಳಿದರೆ ಅವರ ಮನೆಯವರಿಗೆ ಏನನಿಸೀತು ಎಂದು ಚಾಚಾ ಕೇಳುತ್ತಿದ್ದರು. ಇವತ್ತಿಗೂ ನನಗೆ ಆ ಪಾಠ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮೊದಲ ದಿನಗಳ ನನ್ನ ಫಜೀತಿ ಒಂದನ್ನು ಹೇಳಿಬಿಡುತ್ತೇನೆ. ಕಾಗವಾಡದಲ್ಲಿ ಹೊಸ ಹೋಟೆಲ್ ತೆರೆದಿದ್ದರು. ಮಿಸಳ, ಭಜಿ, ಚಹಾ, ಎಲ್ಲರೂ ಬರ್ರಿ ಎಂದು ಬೆಳಗಿನಿಂದ ಸಾರಿ ದಣಿದಿದ್ದೆ. ಮಾಲಕರು ಪ್ರೀತಿಯಿಂದ ಒಂದು ಚಹಾ ಕೊಟ್ಟರು. ಅದನ್ನು ಗಾಡಿಯಲ್ಲಿ ಕೂತು ಕುಡಿಯುತ್ತ, ಪಕ್ಕದ ಪಾನ್ ಅಂಗಡಿಯವನಿಗೆ, ಇದು ಚಹಾ ಅಲ್ಲಪ್ಪ, ಭಾಂಡೆ ತೊಳೆದ ನೀರು ಎಂದೆ. ಮೈಕಿನ ಬಟನ್ ಚಾಲೂ ಇತ್ತು. ಇಡೀ ಪೇಟೆ ಕೇಳಿತು, ಮಾಲಕರೂ ಕೇಳಿದರು. ನಾನು ಕಾಲಿಗೆ ಬುದ್ಧಿ ಹೇಳಿದೆ. ಚಾಚಾ ಮಾತ್ರ ಕಿವಿ ಹಿಡಿದು ವಾಪಸ್ ಕರೆದುಕೊಂಡು ಹೋದರು. ಹೋಟೆಲಿನವರು ದೊಡ್ಡ ಮನುಷ್ಯರು. ಬೇರೇನೂ ಬೇಡ, ಇವನು ಚಲೋ ಐತಿ ಅನ್ನುವ ತನಕ ದಿನಾ ಬಂದು ನಮ್ಮ ಚಹಾ ಕುಡಿಯಬೇಕು ಎಂದರು. ಎರಡನೆಯ ವಾರಕ್ಕೆ ಚಹಾ ನಿಜಕ್ಕೂ ಚೆನ್ನಾಯಿತು. ದಾರಿಯಲ್ಲಿ ಚಾಚಾ ಹೇಳಿದ್ದು ಇಷ್ಟೇ: ‘ಖರೇ ಮಾತಿಗೂ ಬಟನ್ ನೋಡ್ಕೋಬೇಕು ಬೇಟಾ. ಸುಳ್ಳ ಮಾತಿಗೆ ಬಟನ್ನೇ ಕೊಡಬಾರದು.’

ಅದು ಹೇಳುವಷ್ಟು ಸುಲಭವಲ್ಲ. ಭೋಂಗಾ ಇದ್ದವನ ಹತ್ತಿರ ಎಂಥೆಂಥವರು ಬರುತ್ತಾರೆ ಎಂಬುದು ಹೊರಗಿನವರಿಗೆ ಗೊತ್ತಿಲ್ಲ. ತಮ್ಮನ ಮೇಲೆ ಸಿಟ್ಟಾದ ಅಣ್ಣ, ಚುನಾವಣೆಯಲ್ಲಿ ಸೋತವ, ಸೋಲುವ ಭಯದವ, ಹೆಣ್ಣು ಕೊಡದೆ ಇದ್ದವರ ಮೇಲೆ ಹಲ್ಲು ಕಡಿಯುವವ. ಎಲ್ಲರದೂ ಒಂದೇ ಬೇಡಿಕೆ. ಇಂಥವರು ಇಂಥ ಕೆಲಸ ಮಾಡಿದ್ದಾರೆಂದು ಸಾರು, ಆದರೆ ನಾನು ಹೇಳಿಸಿದ್ದೆಂದು ಹೇಳಬೇಡ. ಹೇಳುವಾಗ ಅವರ ಮುಖದಲ್ಲಿ ಇರುವ ಉಮೇದು ಮದುವೆ ಸುದ್ದಿ ಹೇಳಿಸುವವರಲ್ಲೂ ಇರುವುದಿಲ್ಲ.

ಇದಕ್ಕೆ ಚಾಚಾ ಒಂದು ರಿವಾಜು ಇಟ್ಟಿದ್ದರು. ಸುದ್ದಿಯಲ್ಲಿ ಇನ್ನೊಬ್ಬರ ಹೆಸರು ಬಂದರೆ ಹೇಳಿಸುವವ ಗಾಡಿಯಲ್ಲಿ ನಮ್ಮ ಪಕ್ಕ ಕೂಡಬೇಕು. ಗಾಡಿ ಆ ಇನ್ನೊಬ್ಬರ ಮನೆ ಮುಂದೆ ನಿಲ್ಲುತ್ತದೆ. ಆ ಮನೆಯವರು ಹೊರಗೆ ಬಂದು ಕೇಳಿದರೆ ಉತ್ತರ ಇವನೇ ಕೊಡಬೇಕು. ಬೇಡ ಎನ್ನುವ ಶಬ್ದವನ್ನು ಚಾಚಾ ಬಳಸುತ್ತಲೇ ಇರಲಿಲ್ಲ. ‘ಸಾರತೇವ್ರಿ, ಯಾಕ ಸಾರಂಗಿಲ್ಲ. ಬರ್ರಿ, ಬಾಜೂಕ ಕುಂದರ್ರಿ’ ಎಂದು ಸೀಟಿನ ಧೂಳು ಒರೆಸುತ್ತಿದ್ದರು. ಹೇಳಿಸಲು ಬಂದವರಿಗೆ ತಕ್ಷಣ ಏನೋ ಕೆಲಸ ನೆನಪಾಗುತ್ತಿತ್ತು. ಒಬ್ಬರಿಗೆ ದನಕ್ಕೆ ನೀರು ಕುಡಿಸುವುದಿರುತ್ತಿತ್ತು, ಇನ್ನೊಬ್ಬರಿಗೆ ಬ್ಯಾಂಕಿಗೆ ಹೋಗುವುದಿರುತ್ತಿತ್ತು. ಚುನಾವಣೆಯ ಸಮಯದಲ್ಲಿ ಒಬ್ಬರು ಭಾನುವಾರ ಬ್ಯಾಂಕಿಗೆ ಹೊರಟರು.

ಕೋರ್ಟಿನ ಹತ್ತಿರ ಕೂಡುತ್ತಿದ್ದ ಒಬ್ಬ ವಕೀಲರು ನನ್ನ ಗೆಳೆಯರು. ಮಾನಹಾನಿ ಎಂದರೇನು ಎಂದು ಒಮ್ಮೆ ಬಿಡಿಸಿ ಹೇಳಿದರು. ಬೈಗುಳ ಬೇರೆ, ಜಗಳ ಬೇರೆ. ಒಬ್ಬನ ಬಗ್ಗೆ ಮೂರನೆಯವನ ಕಿವಿಯಲ್ಲಿ ಸುಳ್ಳು ಇಟ್ಟು, ಅವನು ನಾಳೆ ಇವನನ್ನು ನೋಡುವ ನೋಟವನ್ನೇ ಬದಲಿಸುವುದು ಮಾನಹಾನಿ ಎಂದರು. ಹಾಗೆ ನೋಡಿದರೆ ಎದುರಿಗೆ ಬೈದವನು ಪಾಪ, ಒಳ್ಳೆಯವನೇ. ನಮ್ಮ ರಿವಾಜು ಕೇಳಿ ನಕ್ಕು, ‘ನಿನ್ನ ಬಾಜೂಕಿನ ಸೀಟ ನಮ್ಮ ಧಂದೆಕ್ಕ ಕಲ್ಲ ಹಾಕೇತಿ ನೋಡ’ ಎಂದರು. ಚಹಾದ ಬಿಲ್ಲು ಮಾತ್ರ ನನ್ನಿಂದಲೇ ಕೊಡಿಸಿದರು.

ಒಬ್ಬರು ಮಾತ್ರ ನಿಜಕ್ಕೂ ಬಂದು ಕೂತರು. ಚಿಂಚಲಿಯ ರೈತರು, ಎತ್ತು ಕಳೆದುಕೊಂಡಿದ್ದರು. ಕದ್ದವನು ಪಕ್ಕದ ಹೊಲದವನೇ, ಅವನ ಹೆಸರು ಹೇಳಿ ಸಾರು ಎಂದು ಹಟ ಹಿಡಿದು ಧೋತರ ಸರಿಮಾಡಿಕೊಂಡು ಪಕ್ಕದಲ್ಲಿ ಕೂತೇ ಬಿಟ್ಟರು. ನನಗೆ ದಿಕ್ಕು ತೋಚಲಿಲ್ಲ. ಗಾಡಿ ನಿಧಾನ ಓಡಿಸಿದೆ. ಆ ಪಕ್ಕದ ಹೊಲದವರ ಮನೆ ತಲುಪುವ ಮುಂಚೆ ಇವರ ಬೀಗರ ತೋಟ ಬರುತ್ತದೆ. ಅಲ್ಲಿ ಬೇವಿನ ಗಿಡಕ್ಕೆ ಕಟ್ಟಿದ ಎತ್ತು ಇವರನ್ನು ನೋಡಿ ಕೂಗಿತು. ಬೀಗರು ಹಿಂದಿನ ದಿನ ಕೇಳಿಯೇ ಒಯ್ದಿದ್ದರಂತೆ, ಹೂಂ ಎಂದದ್ದು ಇವರಿಗೆ ಮರೆತಿತ್ತು. ಆ ರೈತರು ಗಾಡಿಯಿಂದ ಇಳಿದು, ಪಕ್ಕದ ಹೊಲದವರ ಮನೆಯ ಕಡೆ ನೋಡಿ, ಸುಮ್ಮನೆ ಒಂದು ನಮಸ್ಕಾರ ಹಾಕಿದರು. ಆ ಮನೆಯವರಿಗೆ ಇವತ್ತಿಗೂ ಅದು ಯಾಕೆಂದು ಗೊತ್ತಿಲ್ಲ.

ಸುಳ್ಳು ಸುದ್ದಿ ಸಾರುವುದಿಲ್ಲ ಎಂದರೆ ಮುಗಿಯಿತೇ? ಸುಳ್ಳನ್ನು ಸುಳ್ಳೆಂದು ಸಾರುವುದೂ ಅಪಾಯ ಎಂಬುದನ್ನು ನಾನು ಕಲಿತದ್ದು ರಾಯಬಾಗದ ಪೇಡೆಯಿಂದ. ಅಲ್ಲಿನ ಒಂದು ಮಿಠಾಯಿ ಅಂಗಡಿಯ ಬಗ್ಗೆ ಯಾರೋ ಹಬ್ಬಿಸಿದ್ದರು, ಖವಾದ ಕಡಾಯಿಯಲ್ಲಿ ಹಲ್ಲಿ ಬಿದ್ದಿತ್ತು ಎಂದು. ಮಾಲಕರು ನೊಂದುಕೊಂಡು ನನ್ನನ್ನು ಕರೆಸಿದರು. ಸ್ವತಃ ಪಕ್ಕದಲ್ಲಿ ಕೂತರು, ರಿವಾಜಿನಲ್ಲಿ ಏನೂ ಲೋಪವಿರಲಿಲ್ಲ. ನಮ್ಮ ಪೇಡೆಯಲ್ಲಿ ಹಲ್ಲಿ ಬಿದ್ದಿಲ್ಲ, ಬಿದ್ದಿಲ್ಲ ಎಂದು ನಾನು ಉತ್ಸಾಹದಿಂದ ಸುತ್ತಲ ಹಳ್ಳಿಗಳಲ್ಲೆಲ್ಲ ಸಾರಿದೆ. ಅಲ್ಲಿಯವರೆಗೆ ಆ ಸುದ್ದಿ ಒಂದೇ ಓಣಿಗೆ ಗೊತ್ತಿತ್ತು. ಸಂಜೆಯಾಗುವಷ್ಟರಲ್ಲಿ ತಾಲೂಕಿಗೆಲ್ಲ ಹಲ್ಲಿ ಗೊತ್ತಾಯಿತು, ‘ಇಲ್ಲ’ ಎಂಬುದು ಗಾಳಿಯಲ್ಲಿ ಎಲ್ಲೋ ಉದುರಿಹೋಗಿತ್ತು. ಒಬ್ಬ ಮುದುಕಿ ಗಾಡಿ ನಿಲ್ಲಿಸಿ, ಎಷ್ಟು ದೊಡ್ಡ ಹಲ್ಲಿ ಎಂದು ಕೇಳಿದಳು. ಮಾಲಕರು ಕೈಯಿಂದ ಮೈಕ್ ಕಸಿದುಕೊಂಡರು. ಮುಂದೆ ಬಹಳ ದಿನ ಅವರು ಪೇಡೆ ಬಿಟ್ಟು ಬರೀ ಶೇವು ಚುರಮುರಿ ಮಾರಿದರು. ನನಗೆ ಆ ದಾರಿಯಲ್ಲಿ ಹೋಗಲು ಮುಖವಿರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಪೆನ್‌ಡ್ರೈವ್ ಬಂತು. ಒಂದು ಕಡೆ ಕೂತು ಮಾತನಾಡಿ ತುಂಬಿಸಿ ಕಳಿಸಿದರೆ ಗಾಡಿ ತಾನೇ ಕೂಗಿಕೊಂಡು ತಿರುಗುತ್ತದೆ. ಹಿತವಾಗಿತ್ತು, ಗಂಟಲು ಉಳಿಯಿತು. ಆದರೆ ಪಕ್ಕದ ಸೀಟು ಖಾಲಿಯಾಯಿತು. ಅದರ ಬೆನ್ನಿಗೇ ಪ್ರತಿಯೊಬ್ಬರ ಅಂಗಿಯ ಕಿಸೆಯಲ್ಲೂ ಒಂದೊಂದು ಭೋಂಗಾ ಬಂತು. ವಾಟ್ಸಾಪಿನಲ್ಲಿ ಸಾರುವವನಿಗೆ ಗಾಳಿಯ ದಿಕ್ಕು ಬೇಡ, ಕನ್ನಡ ಮರಾಠಿಯ ಚಿಂತೆ ಬೇಡ, ಯಾರ ಮನೆ ಮುಂದೂ ಗಾಡಿ ನಿಲ್ಲಿಸಬೇಕಾಗಿಲ್ಲ. ಅದನ್ನು ನೋಡುವ ಮೊದಲೇ ಚಾಚಾ ತೀರಿಕೊಂಡರು. ಅವರ ಸಾವಿನ ಸುದ್ದಿಯನ್ನು ನಾನು ಇಂಜಿನ್ ಬಂದ್ ಮಾಡಿ, ಪ್ರತಿ ತಿರುವಿನಲ್ಲಿ ನಿಂತು ಹೇಳಿದೆ. ಅವತ್ತು ನಾನು ಅತ್ತೆ, ಬಟನ್ ಚಾಲೂ ಇದ್ದಾಗಲೇ ಅತ್ತೆ.

ಈಗ ಬೇಡಕಿಹಾಳದ ಅಕ್ಕಾತಾಯಿಯ ವಿಷಯ. ನಾನು ಇದನ್ನೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ.

ಅಕ್ಕಾತಾಯಿ ಜೈನರ ಮನೆಯ ಹೆಣ್ಣುಮಗಳು. ಗಂಡ ತೀರಿಹೋದ ಮೇಲೆ ಮನೆಯ ಪಡಸಾಲೆಯಲ್ಲಿ ಖಾರ ಕುಟ್ಟುವ ಯಂತ್ರ ಇಟ್ಟುಕೊಂಡು ಬದುಕು ಕಟ್ಟಿದವಳು. ನೇಮದ ಜೈನರಿಗೆ ವರ್ಜ್ಯವಾದ ಬೆಳ್ಳುಳ್ಳಿ, ಉಳ್ಳಾಗಡ್ಡಿ ಆ ಯಂತ್ರದಲ್ಲಿ ಬೀಳುವಂತಿಲ್ಲ. ಬೆಳ್ಳುಳ್ಳಿ ಹಾಕಿದ ಮಸಾಲೆ ಬೇಕೆಂದವರನ್ನು ಅವಳು ನಗುತ್ತಲೇ ಬೇರೆ ಕಡೆ ಕಳಿಸುತ್ತಿದ್ದಳು. ಹೀಗಾಗಿ ಸುತ್ತಲಿನ ಜೈನ ಮನೆಗಳೆಲ್ಲ ಕಣ್ಣು ಮುಚ್ಚಿ ಅವಳಲ್ಲಿ ಖಾರ ಕುಟ್ಟಿಸುತ್ತಿದ್ದವು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಚಾತುರ್ಮಾಸದಲ್ಲಿ ಮುನಿಗಳು ಊರಲ್ಲಿ ತಂಗಿದಾಗ ಅವರ ಆಹಾರಕ್ಕೆ ಮನೆಮನೆಯಲ್ಲಿ ಮಡಿಯಿಂದ ಅಡುಗೆ ಹೂಡುತ್ತಾರೆ, ಅದಕ್ಕೆ ಚೌಕಾ ಎನ್ನುತ್ತಾರೆ. ಯಾರ ಮನೆಯ ಚೌಕಾ ಇದ್ದರೂ ಅಕ್ಕಾತಾಯಿ ಬಂದು ಒಲೆಯ ಮುಂದೆ ನಿಂತರೇ ಆ ಮನೆಯವರಿಗೆ ಧೈರ್ಯ. ಅವಳ ಕೈ ಶುದ್ಧ ಎಂದು ಊರು ಒಪ್ಪಿತ್ತು. ಒಂಟಿ ಹೆಂಗಸಿಗೆ ಅದಕ್ಕಿಂತ ದೊಡ್ಡ ಆಸ್ತಿ ಏನಿದ್ದೀತು.

ಆ ವರ್ಷ ಚಾತುರ್ಮಾಸ ಸುರುವಾದ ಮೇಲೆ ಅವಳು ಬಸ್ಸು ಹಿಡಿದು ಚಿಕ್ಕೋಡಿಗೆ ನನ್ನ ಹತ್ತಿರ ಬಂದಳು. ಯಂತ್ರದಲ್ಲಿ ಕದ್ದು ಬೆಳ್ಳುಳ್ಳಿ ಕುಟ್ಟುತ್ತಾಳೆ ಎಂದು ಊರಲ್ಲಿ ಹಬ್ಬಿತ್ತು. ಖಾರ ಕುಟ್ಟಿಸುವವರು ಬರುವುದು ನಿಂತಿತ್ತು. ಅದನ್ನು ಅವಳು ಅಳದೆ ಹೇಳಿದಳು. ಚೌಕಾದ ವಿಷಯಕ್ಕೆ ಬಂದಾಗ ಸೆರಗು ಬಾಯಿಗೆ ಹೋಯಿತು.

‘ಈ ಸಲ ಯಾರೂ ಕರದಿಲ್ಲಣ್ಣಾ. ಬಾಗಲ ಮುಂದಿಂದ ಹಾದ ಹೋಗ್ತಾರ, ಮಾರಿ ಆ ಕಡೆ ತಿರುವತಾರ. ನೀ ಒಂದ್ ಸಲ ಸಾರಿಬಿಡು, ಅಕ್ಕಾತಾಯಿ ಬಳ್ಳೊಳ್ಳಿ ಮುಟ್ಟಂಗಿಲ್ಲ ಅಂತ.’

ನನಗೆ ಹಲ್ಲಿ ನೆನಪಾಯಿತು. ಅಕ್ಕಾ, ನಾನು ಸಾರಿದರೆ ನಾಳೆ ಐದು ತಾಲೂಕಿನಲ್ಲಿ ನಿನ್ನ ಹೆಸರಿನ ಜೊತೆ ಬೆಳ್ಳುಳ್ಳಿಯೂ ಕೇಳಿಸುತ್ತದೆ, ಅದು ಬೇಡ ಎಂದು ತಿಳಿಸಿ ಹೇಳಿದೆ. ಪೇಡೆಯ ಕತೆ ಕೇಳಿ ಅಳುವಿನ ನಡುವೆಯೇ ಅವಳಿಗೆ ನಗು ಬಂತು. ನಿನಗೆ ಇದನ್ನು ಹೇಳಿದವರು ಯಾರು ಎಂದೆ. ಪಕ್ಕದ ಮನೆಯ ರತ್ನವ್ವ ಎಂದಳು. ಹಾಗಾದರೆ ರತ್ನವ್ವನಿಂದ ಸುರು ಮಾಡೋಣ ಎಂದು ಅವಳನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು, ಮೈಕ್ ಬಂದ್ ಮಾಡಿ, ಗಾಡಿ ಬಿಟ್ಟೆ.

ರತ್ನವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳ ಪ್ರಕಾರ ಅಕ್ಕಾತಾಯಿಯ ಹಿತ್ತಲಿಗೆ ಕತ್ತಲಾದ ಮೇಲೆ ಬೆಳ್ಳುಳ್ಳಿಯ ಚೀಲಗಳು ಬರುತ್ತಿದ್ದವು, ನಿಪ್ಪಾಣಿಯ ಹೋಟೆಲುಗಳಿಗೆಲ್ಲ ಮಸಾಲೆ ಅಲ್ಲಿಂದಲೇ ಹೋಗುತ್ತಿತ್ತು. ಚೀಲ ನೀವು ನೋಡಿದಿರಾ ಎಂದೆ. ಇಲ್ಲ, ಹಾಲಿನ ಡೈರಿಯ ಬಾಳು ಹೇಳಿದ ಎಂದಳು. ನಾನು ಸೀಟಿನ ಧೂಳು ಒರೆಸಿ, ‘ಬಾಜೂಕ ಕುಂದರ್ರಿ ವೈನಿ, ಬಾಳೂನ ಕೇಳಿ ಬರೂಣು’ ಎಂದೆ. ಒಳಗೆ ಹಾಲು ಉಕ್ಕುತ್ತದೆ ಎಂದು ನೆವ ಹೇಳಿ ನೋಡಿದಳು. ಅಕ್ಕಾತಾಯಿ ಹಿಂದೆ ಕೂತದ್ದು ಕಂಡಿತು, ಮುಖ ಸಣ್ಣದಾಯಿತು, ಬಂದು ಕೂತಳು.

ಡೈರಿಯಲ್ಲಿ ಬಾಳು ಕ್ಯಾನು ತೊಳೆಯುತ್ತಿದ್ದ. ಅವನು ಚೀಲ ಎಂದೇ ಇರಲಿಲ್ಲ, ಒಂದು ಬುಟ್ಟಿ ಎಂದಿದ್ದ. ಬುಟ್ಟಿಯನ್ನೂ ಅವನು ನೋಡಿರಲಿಲ್ಲ, ಕಿರಾಣಿ ಅಂಗಡಿಯ ಶೋಭಾ ವೈನಿ ಹೇಳಿದ್ದಳು. ಬಾಳುವನ್ನು ಮುಂದೆ ಕೂಡಿಸಿ ರತ್ನವ್ವನನ್ನು ಹಿಂದೆ ಕಳಿಸಿದೆ. ಶೋಭಾ ಬುಟ್ಟಿ ಎಂದಿರಲಿಲ್ಲ, ಖಾರದಲ್ಲಿ ಒಂದು ಚಿಟಿಕೆ ಬಿದ್ದಿರಬೇಕು ಎಂದಿದ್ದಳು. ಅವಳಿಗೆ ಹೇಳಿದವರು ಚಂದ್ರಾಬಾಯಿ ಆಯಿ. ಅಂಗಡಿಗೆ ಅರ್ಧ ಬಾಗಿಲು ಹಾಕಿ ಶೋಭಾ ಕೂಡ ಗಾಡಿ ಹತ್ತಿದಳು. ದೂಧಗಂಗೆ ಹೊಳೆ ಮೂಲದ ಕಡೆ ಹೋದಷ್ಟು ಸಣ್ಣದಾಗುವಂತೆ ನಮ್ಮ ಬೆಳ್ಳುಳ್ಳಿಯೂ ಮೇಲೆ ಹೋದಷ್ಟು ಸಣ್ಣದಾಗುತ್ತಿತ್ತು. ಗಾಡಿ ಮಾತ್ರ ತುಂಬುತ್ತ ಹೋಗಿ ಏರಿನಲ್ಲಿ ಏದುಸಿರು ಬಿಟ್ಟಿತು. ದಾರಿಯಲ್ಲಿ ಜನ, ಮಾಮಾ, ದಿಬ್ಬಣ ಎಲ್ಲಿಗೆ ಎಂದು ಕೇಳುತ್ತಿದ್ದರು.

ಚಂದ್ರಾಬಾಯಿ ಆಯಿ ಊರಿಗೆ ಹಿರಿಯಳು, ವ್ರತ ನೇಮದವಳು, ಸೂರ್ಯ ಮುಳುಗಿದ ಮೇಲೆ ನೀರೂ ಮುಟ್ಟುವವಳಲ್ಲ. ಮಗ ಅಪ್ಪಾಸಾಹೇಬ ಕಬ್ಬಿನ ಗದ್ದೆಯ ಧಣಿ, ಆ ಸಲದ ಚಾತುರ್ಮಾಸ ಕಮಿಟಿಯಲ್ಲಿ ಮುಂದಾಳು. ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ನಾನು ಕೇಳಿದ್ದಕ್ಕೆ ಆಯಿ ಒಂದಿಷ್ಟೂ ಮುಚ್ಚಿಡಲಿಲ್ಲ. ಚಿಟಿಕೆ ಗಿಟಿಕೆ ಅವಳಿಗೆ ಗೊತ್ತಿರಲಿಲ್ಲ, ಬರೀ ವಾಸನೆ ಬಂದಿತ್ತು.

‘ಮನ್ಯಾಗ ಬಳ್ಳೊಳ್ಳಿ ವಾಸನಿ ಬಂತು. ಏನಪಾ ಇದು ಅಂತ ಇವನ್ನ ಕೇಳಿದ್ನಿ. ಅಕ್ಕಾತಾಯಿ ಕುಟ್ಟಿದ ಖಾರದ್ದ ಇರಬೇಕವ್ವಾ ಅಂದ. ನಾ ಶೋಭಾನ ಮುಂದ ಅಂದೀನಿ, ಖರೇ.’

ಗಾಡಿಯಲ್ಲಿದ್ದವರೆಲ್ಲ ಅಪ್ಪಾಸಾಹೇಬರ ಕಡೆ ನೋಡಿದರು. ಅವರು ಎದ್ದು ನನ್ನ ಹೆಗಲ ಮೇಲೆ ಕೈ ಹಾಕಿ ದನದ ಕೊಟ್ಟಿಗೆಯ ಹಿಂದೆ ಕರೆದೊಯ್ದರು. ಅಲ್ಲಿ ಅವರು ಹೇಳಿದ್ದನ್ನು ಕೇಳಿ ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಮುನಿಗಳ ಮುಂದೆ ಕೈ ಮುಗಿದು ಈ ನಾಲ್ಕು ತಿಂಗಳು ಬೆಳ್ಳುಳ್ಳಿ ಮುಟ್ಟುವುದಿಲ್ಲ ಎಂದು ನೇಮ ಹಿಡಿದ ಮನುಷ್ಯ, ಕೆಲಸಕ್ಕೆಂದು ನಿಪ್ಪಾಣಿಗೆ ಹೋಗಿ, ಮಿಸಳ ಮತ್ತು ಬೆಳ್ಳುಳ್ಳಿ ಚಟ್ನಿಯ ವಾಸನೆಗೆ ಸೋತು, ಹೊಟ್ಟೆ ತುಂಬ ತಿಂದು ಬಂದಿದ್ದರು. ಬಾಗಿಲಲ್ಲೇ ತಾಯಿ ಕೇಳಿದ್ದಳು. ಆ ಗಳಿಗೆಗೆ ಬಾಯಿಗೆ ಬಂದ ಒಂದು ಹೆಸರು ಹೇಳಿ ಪಾರಾಗಿದ್ದರು. ಅಕ್ಕಾತಾಯಿಯ ಮೇಲೆ ಅವರಿಗೆ ಹಗೆಯಿರಲಿಲ್ಲ, ಅವಳ ಬಗ್ಗೆ ಗೌರವವೇ ಇತ್ತು.

‘ಆ ಮಾತ ನಮ್ಮ ಹೊಸ್ತಿಲಾ ದಾಟತೈತಿ ಅಂತ ಅನಸಲಿಲ್ಲ ಮಾಮಾ’ ಎಂದರು.

ನನ್ನ ನಗು ಅಲ್ಲಿಗೆ ನಿಂತಿತು. ಇಷ್ಟು ವರ್ಷ ಸುಳ್ಳು ಹೇಳಿಸಲು ಬಂದವರನ್ನು ನೋಡಿದ್ದೆ, ಎಲ್ಲರ ಹೊಟ್ಟೆಯಲ್ಲೂ ಉರಿ ಇತ್ತು. ಹಗೆ ಇಲ್ಲದೆಯೂ, ಬರೀ ತನ್ನ ಮುಖ ಉಳಿಸಿಕೊಳ್ಳಲು ಇನ್ನೊಬ್ಬರ ಮುಖಕ್ಕೆ ಮಸಿ ಬಳಿಯಬಹುದು ಎಂದು ಆಗ ತಿಳಿಯಿತು. ಆ ಮಸಿ ಉರಿಯವರ ಮಸಿಗಿಂತ ಒಂದಿಷ್ಟೂ ತೆಳ್ಳಗಿರುವುದಿಲ್ಲ. ಅವರು ನನ್ನ ಕೈ ಹಿಡಿದು, ಅದು ಸುಳ್ಳು ಸುದ್ದಿ ಎಂದು ನೀವೇ ಸಾರಿಬಿಡಿ, ಊರು ನಿಮ್ಮ ಮಾತು ನಂಬುತ್ತದೆ ಎಂದರು. ನಾನು ಸಾರಿದರೆ ಹಲ್ಲಿಯ ಕತೆಯಾಗುತ್ತದೆ ಎಂದೆ. ಇಲ್ಲ ಎಂಬ ಮಾತನ್ನು ಯಾರೂ ಕೇಳುವುದಿಲ್ಲ, ಇದ್ದದ್ದನ್ನೇ ಹೇಳಬೇಕು, ಇದ್ದದ್ದು ಯಾರಲ್ಲಿತ್ತೋ ಅವರೇ ಹೇಳಬೇಕು. ‘ಬಾಜೂಕ ಕುಂದರ್ರಿ ಅಪ್ಪಾಸಾಹೇಬ್ರ’ ಎಂದೆ.

ಅವರು ಬಹಳ ಹೊತ್ತು ಎಮ್ಮೆಯ ಬೆನ್ನು ಸವರುತ್ತ ನಿಂತರು. ಅವರಿಗೂ ಕಳೆದುಕೊಳ್ಳುವುದಿತ್ತು. ಕಮಿಟಿ, ತಾಯಿ, ಊರಲ್ಲಿ ತಲೆ ಎತ್ತಿ ತಿರುಗುವ ಗತ್ತು. ಕೊನೆಗೆ ಹೊರಗೆ ಬಂದು ಮೊದಲು ತಾಯಿಯ ಮುಂದೆ ಕೂತು ಎಲ್ಲ ಹೇಳಿದರು. ಆಯಿ ಕಣ್ಣು ಮುಚ್ಚಿದಳು. ಅವಳು ಕಣ್ಣು ತೆರೆದು, ‘ನನ್ನ ಮೂಗಿಗೆ ಇನ್ನ ವಯಸ್ಸ ಆಗಿಲ್ಲ ಅಂದಂಗಾತು’ ಎಂದಳು. ಆಮೇಲೆ ಅಕ್ಕಾತಾಯಿಯ ಕಡೆ ನೋಡಲಾರದೆ ನೆಲ ನೋಡಿ, ‘ಹೋಗ, ಗಾಡ್ಯಾಗ ಕುಂದರ ಹೋಗ’ ಎಂದು ಮಗನಿಗೆ ಹೇಳಿದಳು.

ಅಪ್ಪಾಸಾಹೇಬರು ನನ್ನ ಪಕ್ಕ ಕೂತು ಮೈಕ್ ಹಿಡಿದರು. ನಾನು ಬಟನ್ ಒತ್ತಿದೆ.

‘ನಾ ಅಪ್ಪಾಸಾಹೇಬ ಮಾತಾಡಾಕತ್ತೀನಿ. ನೇಮಾ ಮುರದ ಬಳ್ಳೊಳ್ಳಿ ನಾ ತಿಂದೀನಿ. ಅದು ಅಕ್ಕಾತಾಯಿ ಖಾರದಾಗ ಇರಲಿಲ್ಲ, ನನ್ನ ಬಾಯಾಗ ಇತ್ತು.’

ಮೊದಲು ಒಂದು ಮಾಳಿಗೆಯ ಮೇಲಿಂದ ಯಾರೋ ನಕ್ಕರು, ಇನ್ನೊಂದು ಬಾಗಿಲಲ್ಲಿ ಇನ್ನೊಬ್ಬರು. ನಗು ನಮ್ಮ ಜೊತೆಗೇ ಓಣಿಯಿಂದ ಓಣಿಗೆ ಬಂತು. ಡೈರಿಯ ತಿರುವಿನಲ್ಲಿ ಅಪ್ಪಾಸಾಹೇಬರು, ಸಾಕಲ್ಲ ಮಾಮಾ, ಎಲ್ಲರಿಗೂ ಗೊತ್ತಾಯಿತು ಎಂದು ಮೈಕ್ ಕೆಳಗಿಟ್ಟರು. ನಾನು ಕನ್ನಡಿಯಲ್ಲಿ ಹಿಂದೆ ನೋಡಿದೆ. ನಿಲ್ಲಿಸುವುದೋ ಬಿಡುವುದೋ ಹೇಳುವ ಹಕ್ಕು ಒಬ್ಬಳಿಗೇ ಇತ್ತು. ಅಕ್ಕಾತಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ.

‘ಮಾತ ಎಲ್ಲಿತನಾ ಹೋಗೇತಿ ಅಲ್ಲಿತನಾ ನಡೀರಿ’ ಎಂದಳು.

ಎಲ್ಲ ಓಣಿ ತಿರುಗಿದೆವು. ಕೊನೆಕೊನೆಗೆ ಅಪ್ಪಾಸಾಹೇಬರಿಗೆ ಕೈ ಕುದುರಿ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎಳೆಯಬೇಕು ಎಂಬುದೆಲ್ಲ ತಾನಾಗಿ ಬಂತು. ಮರಾಠಿಯಲ್ಲೂ ಹೇಳಿದರು. ನಿಮಗೆ ಕಬ್ಬಿಗಿಂತ ಈ ಧಂದೆ ಚಲೋ ಕೂಡುತ್ತದೆ ಎಂದು ನಾನು ಚೇಷ್ಟೆ ಮಾಡಿದಾಗ ಅವರ ಮುಖದಲ್ಲೂ ನಗು ಮೂಡಿತು. ತನ್ನ ಮನೆ ಮುಂದೆ ಗಾಡಿ ಇಳಿದ ಮೇಲೆ ಅಕ್ಕಾತಾಯಿ ಒಳಗೆ ಹೋಗಿ ಒಂದು ಚರಿಗೆ ನೀರು ತಂದು ಮೊದಲು ಅವರ ಕೈಗೇ ಕೊಟ್ಟಳು. ಅವರು ಮುನಿಗಳ ಹತ್ತಿರ ಹೋಗಿ ನೇಮ ಮುರಿದದ್ದನ್ನು ಒಪ್ಪಿಕೊಂಡು ಪ್ರಾಯಶ್ಚಿತ್ತ ಪಡೆದರು, ಕಮಿಟಿಯಿಂದ ತಾವಾಗಿಯೇ ಹಿಂದೆ ಸರಿದರು. ಊರು ಅವರನ್ನು ಬಹಳ ದಿನ ಚೇಷ್ಟೆ ಮಾಡಿತು, ಆದರೆ ಅವರ ಮಾತಿಗೆ ಮೊದಲಿಗಿಂತ ಹೆಚ್ಚು ತೂಕ ಬಂದದ್ದೂ ನಿಜ.

ಮರುದಿನ ಬೆಳಿಗ್ಗೆ ನಾನು ಬೇರೆ ಕೆಲಸಕ್ಕೆ ಅದೇ ದಾರಿಯಲ್ಲಿ ಹೊರಟಿದ್ದೆ. ಮುನಿಗಳ ಆಹಾರದ ವೇಳೆ, ಮೈಕ್ ಬಂದ್ ಇತ್ತು. ಆ ಹೊತ್ತಿನಲ್ಲಿ ಒಂದು ಕ್ರೂರ ಮಾತು ಕಿವಿಗೆ ಬಿದ್ದರೂ ಅವರು ತುತ್ತು ಬಿಟ್ಟು ಎದ್ದುಬಿಡುತ್ತಾರೆ. ಚಂದ್ರಾಬಾಯಿ ಆಯಿಯ ಮನೆ ಮುಂದೆ ಕಳಸ ಹಿಡಿದು ಮುನಿಗಳ ದಾರಿ ಕಾಯುತ್ತ ನಿಂತವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅಕ್ಕಾತಾಯಿ ಇದ್ದಳು. ಬೆಳಗ್ಗೆಯೇ ಆಯಿ ತಾನೇ ಕೋಲೂರಿಕೊಂಡು ಹೋಗಿ ಕರೆತಂದಿದ್ದಳಂತೆ. ಅಕ್ಕಾತಾಯಿ ನನ್ನ ಗಾಡಿ ನೋಡಿದಳು, ಕಣ್ಣಲ್ಲೇ ಗುರುತು ತೋರಿಸಿದಳು. ಇಷ್ಟು ವರ್ಷ ಏನೇನೋ ಸಾರಿದ್ದೇನೆ. ಅವತ್ತು ಸುಮ್ಮನೆ ಹಾದುಹೋದಾಗ ಆದ ಸಂತೋಷ ಮತ್ತೆಂದೂ ಆಗಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಓದುವವರಿಗೆ ಹಿತವಾಗುತ್ತಿತ್ತು. ಆದರೆ ಹೋದ ತಿಂಗಳು ಸಂಬಂಧಿಕರ ಮದುವೆಗೆಂದು ಅಥಣಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತ ಹೆಣ್ಣುಮಗಳು ನಾನು ಚಿಕ್ಕೋಡಿಯವನೆಂದು ತಿಳಿದು ಮೆಲ್ಲಗೆ ಬಾಗಿ, ‘ನಿಮ್ಮ ಕಡೆ ಬೇಡಕಿಹಾಳದಾಗ ಒಬ್ಬಾಕಿ ಅದಾಳಂತಲ್ರಿ, ಖಾರದಾಗ ಬಳ್ಳೊಳ್ಳಿ ಹಾಕಿ ಜೈನರಿಗೆ ಮಾರತಾಳಂತ’ ಎಂದಳು. ಒಳ್ಳೆಯ ಮುಖ, ಒಳ್ಳೆಯ ದನಿ, ಯಾರಿಗೂ ಕೇಡು ಬಯಸುವವಳಲ್ಲ. ನನ್ನ ಕೈಯಲ್ಲಿದ್ದ ಹೋಳಿಗೆ ಎಲೆಗೆ ಬಿತ್ತು. ಅಷ್ಟು ವರ್ಷದ ಕೆಳಗೆ ಒಂದು ಬಾಗಿಲಲ್ಲಿ ಹುಟ್ಟಿದ ಮಾತು ನಮ್ಮ ಗಾಡಿ ಹೋಗದ ದಾರಿಯಲ್ಲಿ ನಡೆದು, ಇನ್ನೂ ಜೀವ ಹಿಡಿದುಕೊಂಡು, ಅಥಣಿಯ ಪೆಂಡಾಲಿನಲ್ಲಿ ಊಟಕ್ಕೆ ಕೂತಿತ್ತು.

ನನ್ನ ಹತ್ತಿರ ಭೋಂಗಾ ಇರಲಿಲ್ಲ, ಗಂಟಲೂ ಇರಲಿಲ್ಲ. ಪಕ್ಕದ ಖಾಲಿ ಕುರ್ಚಿಯ ಧೂಳು ಒರೆಸಿ, ‘ಬಾಜೂಕ ಕುಂದರ್ರಿ ತಂಗೀ’ ಎಂದೆ. ಅವಳು ಬಂದು ಕೂತಳು. ಫೋನು ತೆಗೆದು ಅಪ್ಪಾಸಾಹೇಬರಿಗೆ ಹಚ್ಚಿದೆ. ವಿಷಯ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು, ಮಾಮಾ, ಎಲ್ಲಿದ್ದೀರಿ ಎಂದು ಕೇಳಿದರು. ಅಥಣಿ ಎಂದು ಪಿಸುಗುಟ್ಟಿದೆ. ಗಂಟಲಿಲ್ಲದ ನಾನು ಫೋನು ಹಚ್ಚಿದ್ದು ಯಾಕೆಂದು ಅವರು ಊಹಿಸಿ, ‘ಹಂಗಾರ ಆ ಮಾತ ಅಲ್ಲಿತನಾ ಹೋಗೇತಿ’ ಎಂದರು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

‘ಸ್ಪೀಕರ್ ಹಾಕ್ರಿ’ ಎಂದರು. ‘ನಾ ಬೇಡಕಿಹಾಳದ ಅಪ್ಪಾಸಾಹೇಬ ಮಾತಾಡಾಕತ್ತೀನಿ. ಬಳ್ಳೊಳ್ಳಿ ನಾ ತಿಂದೀನಿ.’